ಬೆನ್ನೆಲುಬಿನ ಚಿಕಿತ್ಸೆಗೆ ದೂರವೈದ್ಯ: ರೋಗಿಯ ಸಮಾಧಾನದ ಅಳತೆ

ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ಎಂದರೆ ಆಪರೇಷನ್ ಥಿಯೇಟರಿನ ಕೆಲವು ಗಂಟೆಗಳಷ್ಟೇ ಅಲ್ಲ. ಅದಕ್ಕೆ ಮೊದಲು ತಪಾಸಣೆ, ಎಂಆರ್‌ಐ ನೋಡಿ ಮಾತುಕತೆ. ಆಮೇಲೆ ಗಾಯದ ಪರಿಶೀಲನೆ, ವ್ಯಾಯಾಮ, ತಿಂಗಳುಗಟ್ಟಲೆ ಮರುಭೇಟಿ. ಉಡುಪಿ ಜಿಲ್ಲೆಯ ಕಾರ್ಕಳದಿಂದ ದೊಡ್ಡ ಆಸ್ಪತ್ರೆಯಿರುವ ಮಣಿಪಾಲಕ್ಕೆ ಮೂವತ್ತೈದು ಕಿಲೋಮೀಟರಿನಷ್ಟು ದಾರಿ. ಕಾಪುವಿನಿಂದ ಇನ್ನೂ ಹತ್ತಿರ. ಆದರೆ ಸೊಂಟ ಹಿಡಿದುಕೊಂಡವರಿಗೆ ಬಸ್ಸಿನ ಕುಲುಕಾಟವೇ ದೊಡ್ಡ ಶಿಕ್ಷೆ. ಜೊತೆಗೆ ಬರುವವರ ಒಂದು ದಿನದ ಸಂಬಳವೂ ಹೋಗುತ್ತದೆ. ಘಟ್ಟದ ಮೇಲಿನ ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರ ಪಾಡು ಇದಕ್ಕಿಂತ ಕಷ್ಟ. ಫೋನ್, ವಿಡಿಯೊ ಮೂಲಕ ವೈದ್ಯರ ಸಲಹೆ ಪಡೆಯುವ ದೂರವೈದ್ಯದ (ಟೆಲಿಮೆಡಿಸಿನ್) ಬಗ್ಗೆ ರೋಗಿಗಳು ಮೆಚ್ಚಿ ಮಾತಾಡುವುದಕ್ಕೆ ಮುಖ್ಯ ಕಾರಣ ಈ ಪ್ರಯಾಣ ತಪ್ಪುವುದು.

ಕರ್ನಾಟಕದಲ್ಲಿ ದೂರವೈದ್ಯದ ಆರಂಭ ಹೃದ್ರೋಗದಿಂದ. 2000ದ ದಶಕದ ಮೊದಲ ವರ್ಷಗಳಲ್ಲೇ ಇಸ್ರೋದ ಉಪಗ್ರಹ ಸಂಪರ್ಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತು. ಕರಾವಳಿಯಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರು ವಾಟ್ಸಾಪ್‌ನಲ್ಲಿ ಕಳಿಸುವ ಇಸಿಜಿಗಳನ್ನು ನೋಡಿ ಸಲಹೆ ಕೊಡುವ ಏರ್ಪಾಟು ಮಾಡಿದರು. ಇಸಿಜಿ ಒಂದು ಕಾಗದದ ಪಟ್ಟಿ, ಹಾಗೇ ಕಳಿಸಬಹುದು. ಬೆನ್ನು ಹಾಗಲ್ಲ, ಅದನ್ನು ಮುಟ್ಟಿ ನೋಡಬೇಕು. ಮೂಳೆ ಮತ್ತು ನರರೋಗ ವಿಭಾಗಗಳು ಹಿಂದೆ ಉಳಿದುದಕ್ಕೆ ಇದೂ ಒಂದು ಕಾರಣ.

ಪರಿಸ್ಥಿತಿ ಬದಲಾದುದು 2020ರಲ್ಲಿ, ಕೋವಿಡ್ ಬಂದಾಗ. ಲಾಕ್‌ಡೌನ್ ಶುರುವಾದ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ದೂರವೈದ್ಯದ ಮಾರ್ಗಸೂಚಿ ಹೊರಡಿಸಿತು. ಏಪ್ರಿಲ್‌ನಲ್ಲಿ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವನಿಯ ಒಪಿಡಿ (ಹೊರರೋಗಿ ವಿಭಾಗ) ಮನೆಯಲ್ಲೇ ಕುಳಿತವರಿಗೂ ತೆರೆಯಿತು. ಮಾರ್ಗಸೂಚಿಯ ಒಂದು ನಿಯಮ ಬೆನ್ನುನೋವಿನವರಿಗೆ ನೇರವಾಗಿ ತಟ್ಟುತ್ತದೆ: ಮಾದಕದ್ರವ್ಯ ಕಾಯ್ದೆಯಡಿ ಬರುವ ಔಷಧಗಳನ್ನು ದೂರದಿಂದ ಬರೆದುಕೊಡುವಂತಿಲ್ಲ. 2018ರಿಂದ ನೋವುನಿವಾರಕ ಟ್ರಮಡಾಲ್ ಕೂಡ ಆ ಪಟ್ಟಿಯಲ್ಲಿದೆ. ಆಪರೇಷನ್ ಆದ ಮೇಲೆ ಆ ಗುಳಿಗೆ ಬೇಕಾದವರು ಆಸ್ಪತ್ರೆಗೆ ಹೋಗಲೇಬೇಕು.

ಮುಟ್ಟದೆ ಪರೀಕ್ಷಿಸುವ ವಿಧಾನಗಳನ್ನು 2020ರಲ್ಲೇ ಹಲವು ಶಸ್ತ್ರಚಿಕಿತ್ಸಕರು ಬರೆದಿಟ್ಟರು. ಕ್ಯಾಮೆರಾದ ಎದುರು ರೋಗಿ ಹಿಮ್ಮಡಿಯ ಮೇಲೆ, ತುದಿಗಾಲಿನ ಮೇಲೆ ನಡೆದರೆ ಕಾಲಿನ ನರಗಳ ಶಕ್ತಿ ತಕ್ಕಮಟ್ಟಿಗೆ ತಿಳಿಯುತ್ತದೆ. ಮನೆಯವರು ಕಾಲನ್ನು ನೇರವಾಗಿ ಎತ್ತಿಹಿಡಿದರೆ ಸಯಾಟಿಕಾದ (ಸೊಂಟದಿಂದ ಕಾಲಿಗಿಳಿಯುವ ನರನೋವಿನ) ಸುಳಿವು ಸಿಗುತ್ತದೆ. ಆದರೆ ಸುತ್ತಿಗೆಯಿಂದ ತಟ್ಟಿ ನೋಡುವ ಪ್ರತಿವರ್ತನೆಗೆ, ಚರ್ಮದ ಸೂಕ್ಷ್ಮ ಜೋಮಿಗೆ ಪರದೆ ಸಾಲದು. ಎಂಆರ್‌ಐ ಫಿಲ್ಮನ್ನು ಕಿಟಕಿಗೆ ಹಿಡಿದು ತೆಗೆದ ಫೋಟೋದಿಂದ ಆಪರೇಷನ್ ನಿರ್ಧರಿಸಲಾಗದು. ಮೂಲ ಚಿತ್ರಗಳ ಕಡತವೇ ಬೇಕು.

ತೃಪ್ತಿಯ ಸಮೀಕ್ಷೆಗಳು ಇದರ ಬೆನ್ನಿಗೇ ಬಂದವು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ತಂಡ 346 ಬೆನ್ನೆಲುಬು ರೋಗಿಗಳನ್ನು ಕೇಳಿದಾಗ ಬಹುಪಾಲು ಮಂದಿ ತೃಪ್ತರಾಗಿದ್ದರು. ಆದರೂ ಮುಖಾಮುಖಿ ಭೇಟಿಯೇ ಲೇಸೆಂದವರೂ ಕಡಿಮೆಯಿರಲಿಲ್ಲ. ಈ ಎರಡು ಉತ್ತರಗಳಲ್ಲಿ ವಿರೋಧವಿಲ್ಲ. ಮರುಭೇಟಿಗೆ ಪರದೆ ಸಾಕೆನ್ನುವವರೇ ಬೆನ್ನಿಗೆ ಕತ್ತಿ ಹಾಕುವವರನ್ನು ಒಮ್ಮೆ ಎದುರು ಕಾಣಬೇಕೆಂದು ಬಯಸುವುದು ಸಹಜ. ಸೋಂಕಿನ ಭಯದ ದಿನಗಳಲ್ಲಿ ಕೇಳಿದ ಪ್ರಶ್ನೆಗೆ ಬಂದ ಹೊಗಳಿಕೆಯನ್ನು ಇಂದಿಗೆ ಹಾಗೇ ಅನ್ವಯಿಸುವುದೂ ಸರಿಯಲ್ಲ. ಇನ್ನು ತೃಪ್ತಿ ಬೇರೆ, ಗುಣ ಬೇರೆ. ನೋವಿನಿಂದ ದಿನನಿತ್ಯದ ಕೆಲಸಕ್ಕೆ ಎಷ್ಟು ತೊಡಕಾಗಿದೆ ಎಂದು ಅಳೆಯುವ, 1980ರಲ್ಲಿ ಪ್ರಕಟವಾದ ಆಸ್ವೆಸ್ಟ್ರಿ ಸೂಚ್ಯಂಕದಂಥ ಅಳತೆ ಜೊತೆಗಿಲ್ಲದಿದ್ದರೆ ತೃಪ್ತಿಯ ಅಂಕ ವೈದ್ಯರ ನಯವಾದ ಮಾತಿಗೆ ಸಂದ ಅಂಕವಾಗಿಬಿಡಬಹುದು.

ಉಡುಪಿ ಜಿಲ್ಲೆಯಲ್ಲಿ ಈ ತೃಪ್ತಿಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ತುಳು, ಕೊಂಕಣಿ, ಬ್ಯಾರಿ ಆಡುವ ಅಜ್ಜಿಗೆ ನೋವು ಸೆಳೆತವೋ, ಉರಿಯೋ, ಮರಗಟ್ಟುವಿಕೆಯೋ ಎಂದು ಹೊರರಾಜ್ಯದ ವೈದ್ಯರಿಗೆ ಫೋನಿನಲ್ಲಿ ಬಿಡಿಸಿ ಹೇಳುವುದು ಸುಲಭವಲ್ಲ. ಉತ್ತರಿಸುವುದು ಫೋನ್ ಹಿಡಿದ ಮೊಮ್ಮಗ. ಪ್ರಶ್ನಾವಳಿ ತುಂಬುವವನೂ ಅವನೇ. ದಾಖಲಾಗುವ ತೃಪ್ತಿ ಯಾರದು ಎಂಬುದನ್ನು ಸಮೀಕ್ಷೆ ಮಾಡುವವರು ಕೇಳಿಕೊಳ್ಳಲೇಬೇಕು.

ಇ-ಸಂಜೀವನಿಯ ಇನ್ನೊಂದು ಕವಲು ಇಲ್ಲಿ ಹೆಚ್ಚು ಹೊಂದುತ್ತದೆ: ರೋಗಿ ಸಮೀಪದ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ, ಅಲ್ಲಿನ ಸಿಬ್ಬಂದಿ ಜೊತೆಗಿದ್ದು ದೂರದ ವೈದ್ಯರೊಡನೆ ಮಾತಾಡಿಸುತ್ತಾರೆ. ಕಾರ್ಕಳದ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆಯಂಥ ಕಡೆ ಒಬ್ಬ ವೈದ್ಯರು ಕಾಲು ಎತ್ತಿ, ಮಂಡಿ ತಟ್ಟಿ ನೋಡಿದ್ದನ್ನು ಮಣಿಪಾಲದ ತಜ್ಞರು ಪರದೆಯಲ್ಲಿ ಕಂಡರೆ ಪರೀಕ್ಷೆಯ ಕೊರತೆಯೂ ಭಾಷೆಯ ತೊಡಕೂ ಬಹುಮಟ್ಟಿಗೆ ನೀಗುತ್ತವೆ. ಮೂತ್ರ ಕಟ್ಟುವುದು, ತೊಡೆಸಂದಿಯ ಜೋಮು, ಕಾಲಿನ ಬಲ ತಟ್ಟನೆ ಕುಂದುವುದು ಕಂಡರೆ ಮಾತ್ರ ವಿಡಿಯೊಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಬೇಕು.