ಮೀಥೈಲ್ ಪಾದರಸ – ನ್ಯೂಕ್ಲಿಯಿಕ್ ಆಮ್ಲ ಬಂಧನ

ಸಾವಯವ ಪಾದರಸ ಸಂಯುಕ್ತವಾದ ಮೀಥೈಲ್ ಪಾದರಸದ ಅಯಾನು ಡಿಎನ್‌ಎ, ಆರ್‌ಎನ್‌ಎಗಳ ಪ್ರತ್ಯಾಮ್ಲಗಳೊಡನೆ, ಮುಖ್ಯವಾಗಿ ನೈಟ್ರೊಜನ್ ಪರಮಾಣುಗಳ ಮೂಲಕ, ಏರ್ಪಡಿಸಿಕೊಳ್ಳುವ ಬಂಧ. ಇದು ಪರಾವರ್ತ್ಯ ಕ್ರಿಯೆ.

ರಚನೆ: ಪಾದರಸದ ಒಂದು ಬದಿಯನ್ನು ಮೀಥೈಲ್ ಗುಂಪಿನ ಇಂಗಾಲ ಹಿಡಿದಿರುವುದರಿಂದ ಹೊಸ ಬಂಧಕ್ಕೆ ಎದುರು ಬದಿ ಉಳಿಯುತ್ತದೆ. ಇಂಗಾಲ, ಪಾದರಸ, ನೈಟ್ರೊಜನ್ ಬಹುಮಟ್ಟಿಗೆ ಒಂದೇ ಸರಳರೇಖೆಯಲ್ಲಿರುತ್ತವೆ. ಹೀಗಾಗಿ, ಎರಡು ಥೈಮಿನ್‌ಗಳನ್ನು ಬೆಸೆಯಬಲ್ಲ ದ್ವಿವೇಲೆನ್ಸಿಯ ಪಾದರಸ ಅಯಾನಿನಂತೆ ಇದು ಸೇತುವಾಗಲಾರದು.

ಬಂಧಸ್ಥಾನಗಳು: ಥೈಮಿನ್ ಮತ್ತು ಯುರಾಸಿಲ್‌ಗಳ 3ನೆಯ ನೈಟ್ರೊಜನ್ ಹಾಗೂ ಗ್ವಾನಿನ್‌ನ 1ನೆಯ ನೈಟ್ರೊಜನ್‌ನಲ್ಲಿ ಪ್ರೋಟಾನನ್ನು ಹೊರದೂಡಿ ಪಾದರಸ ಅದರ ಸ್ಥಾನಕ್ಕೆ ಬರುತ್ತದೆ, ಆದ್ದರಿಂದ ದ್ರಾವಣದ ಪಿಎಚ್ ನಿರ್ಣಾಯಕ. ಸೈಟೊಸಿನ್‌ನ 3ನೆಯ ನೈಟ್ರೊಜನ್ ಮತ್ತು ಗ್ವಾನಿನ್‌ನ 7ನೆಯ ನೈಟ್ರೊಜನ್ ಪ್ರೋಟಾನ್ ಕಳೆದುಕೊಳ್ಳದೆಯೇ ಬಂಧಿಸಬಲ್ಲವು. ಈ ಪ್ರತ್ಯಾಮ್ಲಗಳು ಸಕ್ಕರೆಯೊಡನೆ ಕೂಡಿದ ನ್ಯೂಕ್ಲಿಯೊಸೈಡ್‌ಗಳ ಬಂಧನ ಸ್ಥಿರಾಂಕಗಳನ್ನು ಆರ್. ಬಿ. ಸಿಂಪ್ಸನ್ 1964ರಲ್ಲಿ ಪ್ರಕಟಿಸಿದರು.

ಪರಿಣಾಮ ಮತ್ತು ಬಳಕೆ: ಥೈಮಿನ್‌ನ 3ನೆಯ ಮತ್ತು ಗ್ವಾನಿನ್‌ನ 1ನೆಯ ನೈಟ್ರೊಜನ್‌ಗಳೇ ಜೋಡಿ ಎಳೆಗಳ ಹೈಡ್ರೊಜನ್ ಬಂಧಗಳಲ್ಲೂ ಪಾಲ್ಗೊಳ್ಳುವುದರಿಂದ ಮೀಥೈಲ್ ಪಾದರಸ ಹೆಚ್ಚಿದಂತೆ ಎಳೆಗಳು ಬೇರ್ಪಡುತ್ತವೆ. 1976ರಲ್ಲಿ ಬೇಲಿ ಮತ್ತು ಡೇವಿಡ್‌ಸನ್ ಈ ಗುಣವನ್ನು ಅಗರೋಸ್ ಜೆಲ್‌ನಲ್ಲಿ ಮಡಿಕೆ ಬಿಡಿಸಿದ ಆರ್‌ಎನ್‌ಎಯ ಗಾತ್ರ ಅಳೆಯಲು ಬಳಸಿದರು. ಮರ್ಕ್ಯಾಪ್ಟೊಎಥನಾಲ್‌ನಂಥ ಗಂಧಕಯುಕ್ತ ಥಯಾಲ್ ಸೇರಿಸಿದರೆ ಪಾದರಸ ಪ್ರತ್ಯಾಮ್ಲವನ್ನು ಬಿಟ್ಟು ಅದರ ಗಂಧಕಕ್ಕೆ ಅಂಟುತ್ತದೆ.

ಜೀವಕೋಶದಲ್ಲಿ: ಗಂಧಕದ ಮೇಲಿನ ಈ ಒಲವಿನಿಂದಾಗಿ ಮೀಥೈಲ್ ಪಾದರಸ ಮುಖ್ಯವಾಗಿ ಗ್ಲುಟಾಥಯೋನ್ ಮತ್ತು ಪ್ರೋಟೀನ್‌ಗಳ ಥಯಾಲ್ ಗುಂಪುಗಳನ್ನು ಹಿಡಿಯುತ್ತದೆ. ಮೀಥೈಲ್ ಪಾದರಸದಿಂದ ಉಂಟಾಗಿ 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ನರರೋಗದಂಥ ದುರಂತವನ್ನು ಪ್ರತ್ಯಾಮ್ಲ ಬಂಧನವೊಂದರಿಂದಲೇ ವಿವರಿಸಲಾಗದು. ಅತ್ಯಂತ ವಿಷಕಾರಿಯಾದ ಈ ವಸ್ತುವನ್ನು ಪ್ರಯೋಗಾಲಯದಲ್ಲೂ ಕಟ್ಟೆಚ್ಚರದಿಂದ ನಿರ್ವಹಿಸಬೇಕು.