ಬಾಕ್ಸ್‌ನ ವೂಫರ್ ಹೋಯ್ತಾ? ವ್ಯಾಟ್‌ಗಿಂತ ಮೊದಲು ಓಮ್ ನೋಡಿ

ಗಣೇಶನ ಹಬ್ಬ, ಮದುವೆ ಸೀಸನ್ ಬಂತೆಂದರೆ ಸೌಂಡ್ಸ್ ಬಾಡಿಗೆ ಕೊಡುವವರಿಗೆ ವೂಫರ್ ಸುಡುವ ತಲೆನೋವು ಮಾಮೂಲಿ. ಹಾಗಂತ ಇಡೀ ಬಾಕ್ಸ್ ಬದಲಿಸಬೇಕಿಲ್ಲ.

ವೂಫರ್ ನಿಜಕ್ಕೂ ಹೋಗಿದೆಯಾ ಅಂತ ಮೊದಲು ನೋಡಬೇಕು. ಆಂಪ್ಲಿಫೈಯರ್ ಆಫ್ ಮಾಡಿ, ವೂಫರ್‌ನ ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ವೂಫರ್ ಮೀಟರ್‌ನಲ್ಲಿ 6ರ ಆಸುಪಾಸು ತೋರಿಸುತ್ತದೆ, ಅದು ದೋಷವಲ್ಲ. ಏನೂ ತೋರಿಸದಿದ್ದರೆ ಕಾಯಿಲ್ ಕಟ್ ಆಗಿದೆ. ಕೋನ್ ಅನ್ನು ಎರಡೂ ಕಡೆ ಸಮನಾಗಿ ಮೆಲ್ಲಗೆ ಒತ್ತಿದಾಗ ಕರಕರ ಉಜ್ಜಿದರೂ ಕಾಯಿಲ್ ಕೆಟ್ಟಿದೆ ಎಂದೇ ಲೆಕ್ಕ. ಅಂಚಿನ ಫೋಮ್ ಮಾತ್ರ ಹರಿದಿದ್ದರೆ ಅಷ್ಟನ್ನೇ ಬದಲಿಸಿದರೆ ಸಾಕು. ಮ್ಯಾಗ್ನೆಟ್ ದೊಡ್ಡದಿರುವ ದುಬಾರಿ ವೂಫರ್ ಆದರೆ ಹೊಸ ಕೋನ್, ಕಾಯಿಲ್ ಹಾಕಿಸುವುದೇ ಲಾಭ.

ಹೊಸದು ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. 'ಹನ್ನೆರಡು ಇಂಚಿಂದು, ಜಾಸ್ತಿ ವ್ಯಾಟ್ ಇರೋದು ಕೊಡಿ' ಅಂದರೆ ಎಡವಟ್ಟು ಖಚಿತ. ಸ್ಕ್ರೂ ತೂತು, ಹಿಂದಿನ ಆಳ ಕೂರಬೇಕು. ಎಲ್ಲಕ್ಕಿಂತ ಮುಖ್ಯ ಓಮ್. 8 ಓಮ್ ಜಾಗಕ್ಕೆ 4 ಓಮ್ ಹಾಕಿದರೆ ಆಂಪ್ಲಿಫೈಯರ್ ಮೇಲೆ ಹೊರೆ. ಅಂಥ ಎರಡು ಬಾಕ್ಸ್ ಪ್ಯಾರಲಲ್ ಕೊಟ್ಟರೆ 2 ಓಮ್‌ಗೆ ಇಳಿದು, ಅಷ್ಟು ತಡೆಯದ ಆಂಪ್ಲಿಫೈಯರೇ ಸುಡಬಹುದು. ಆಗ ವೂಫರ್‌ನಲ್ಲಿ ಉಳಿಸಿದ ದುಡ್ಡು ಎಲ್ಲಿಗೂ ಸಾಲದು.

ಬಿಚ್ಚುವ ಮುಂಚೆಯೇ ಪ್ಲಸ್, ಮೈನಸ್ ವೈರ್ ಗುರುತು ಮಾಡಿಕೊಳ್ಳಿ. ಒಂದು ಬಾಕ್ಸ್‌ನಲ್ಲಿ ಅದಲು ಬದಲಾದರೂ ಸದ್ದೇನೋ ಬರುತ್ತದೆ, ಆದರೆ ಜೋಡಿ ಬಾಕ್ಸ್ ಅಕ್ಕಪಕ್ಕ ಇಟ್ಟಾಗ ಬೇಸ್ ಮಾಯ. ಫ್ರೇಮ್ ಸುತ್ತ ಗಾಳಿ ಸೋರದಂತೆ ಪಟ್ಟಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಮಾಡಿ. ಮೊದಲ ಸಲ ವಾಲ್ಯೂಮ್ ಕಮ್ಮಿ ಇಟ್ಟೇ ಹಚ್ಚಿ.