ಕರಿಯದು ಗಂಡು, ಚುಕ್ಕಿಯದು ಹೆಣ್ಣು

1988ರ ಮಾತು. ಹುನಗುಂದ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ವಸಂತವರ್ಣನೆಯ ಪದ್ಯವನ್ನು ವಿವರಿಸುತ್ತ, ಹಾಡುವುದು ಹೆಣ್ಣು ಕೋಗಿಲೆಯೆಂದೂ ಅಂಗಳದ ಬೇವಿನ ಮರದಲ್ಲಿ ಕುಳಿತ ಚುಕ್ಕೆಯ ಹಕ್ಕಿ ಬೇರೆ ಜಾತಿಯದೆಂದೂ ಹೇಳಿಬಿಟ್ಟೆ. ಹಿಂದಿನ ಸಾಲಿನಿಂದ ಕುರಿಗಾರರ ಹುಡುಗನೊಬ್ಬ ಎದ್ದು, "ಇಲ್ರೀ ಸರ, ಎರಡೂ ಒಂದ ಜೋಡಿ ಅದಾವು. ಕರೀದು ಗಂಡು, ಚುಕ್ಕೀದು ಹೆಣ್ಣು. ಕೂಗೂದು ಕರೀದ" ಎಂದ. ತರಗತಿ ನಕ್ಕಿತು. ನಾನು ಅವನನ್ನು ಗದರಿಸಿ ಕೂಡಿಸಿದೆ.

ಹುಡುಗನ ಮಾತೇ ಸರಿಯೆಂದು ತಿಳಿದದ್ದು ಹಲವು ವರ್ಷಗಳ ಮೇಲೆ, 1941ರಲ್ಲಿ ಮೊದಲು ಪ್ರಕಟವಾದ ಸಲೀಂ ಅಲಿಯವರ ಪುಸ್ತಕದ ಪ್ರತಿಯೊಂದು ಕೈಗೆ ಬಂದಾಗ. 'ಕುಹೂ' ಗಂಡಿನದು; ಹೆಣ್ಣಿನದು 'ಕಿಕ್ ಕಿಕ್' ಎಂಬ ಗಡಸು ದನಿ. ನಾವೋ ಗಾಯಕಿಯರನ್ನು ಗಾನಕೋಗಿಲೆಯೆನ್ನುತ್ತ ಬಂದಿದ್ದೇವೆ! (ಶಾಸ್ತ್ರದ ವರ್ಗೀಕರಣದಲ್ಲಿ ಕೋಗಿಲೆ ಹಾಡುಹಕ್ಕಿಗಳ ಗುಂಪಿಗೇ ಸೇರದು, ಅದು ಬೇರೆ ಮಾತು.)

ಪಂಡಿತರೂ ಎಡವಿದ ಹಾದಿಯಿದು. 1758ರಲ್ಲಿ ಲಿನ್ನೇಯಸ್ ಒಂದೇ ಬಾತಿನ ಗಂಡುಹೆಣ್ಣುಗಳಿಗೆ ಎರಡು ಜಾತಿಯ ಹೆಸರಿಟ್ಟನು. ಕೋಗಿಲೆಗೆ ಆತನಿತ್ತ 'ಸ್ಕೋಲೊಪೇಸಿಯಸ್' ಎಂಬ ಹೆಸರಿಗೆ ಚುಕ್ಕೆಮೈಯ ವುಡ್‌ಕಾಕ್ ಹಕ್ಕಿಯಂಥದು ಎಂದರ್ಥ. ಅದು ಹೆಣ್ಣಿನ ಪುಕ್ಕಕ್ಕೇ ಒಪ್ಪುತ್ತದೆ. ಗಂಡಿನ ಬೆಡಗಿಗೆ ಹೆಣ್ಣಿನ ಆಯ್ಕೆಯೇ ಕಾರಣವೆಂದು 1871ರಲ್ಲಿ ಡಾರ್ವಿನ್ ಬರೆದನು. ಗೂಡಿನಲ್ಲಿ ಕಾವು ಕೂರುವ ಹೆಣ್ಣಿಗೆ ಮಾಸಲು ಬಣ್ಣವೇ ರಕ್ಷೆಯೆಂಬುದು ವ್ಯಾಲೇಸನ ವಾದ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಕೋಗಿಲೆಗೆ ಈ ವಾದ ಹೇಗೆ ಹೊಂದೀತು?

ಇಳಕಲ್ಲಿನ ಬೀದಿಯಲ್ಲಿ ರಂಗೆಲ್ಲ ಟೋಪಿತೆನಿ ಸೆರಗಿನದು, ಗಂಡಸರಿಗೆ ಬಿಳಿ ಧೋತರ. ಹಕ್ಕಿಗಳಲ್ಲಿ ಬಹುಪಾಲು ಇದರ ತಿರುವುಮುರುವು. ಬಾದಾಮಿಯ ಅಗಸ್ತ್ಯತೀರ್ಥದ ಬಂಡೆಗಳ ಮೇಲೆ ಬಾಲವೆತ್ತಿ ಕುಣಿಯುವ ಇಂಡಿಯನ್ ರಾಬಿನ್ ಹಕ್ಕಿಯನ್ನೇ ನೋಡಿರಿ: ಗಂಡು ಮಿರುಗುವ ಕಪ್ಪು, ರೆಕ್ಕೆಯಲ್ಲಿ ಬಿಳಿ ಪಟ್ಟಿ, ಹೆಣ್ಣು ಮಾಸಲು ಕಂದು, ಪಟ್ಟಿಯಿಲ್ಲ. ಬಾಲದಡಿಯ ಇಟ್ಟಿಗೆಗೆಂಪು ಇಬ್ಬರಿಗೂ ಉಂಟು. ಉತ್ತರ ಭಾರತದಲ್ಲಾದರೆ ಗಂಡಿನ ಬೆನ್ನೂ ಕಂದು.

ಬಾಗಲಕೋಟೆಯ ಸುತ್ತಿನ ಬಾವಿಗಳ ಮೇಲೆ ಬಾಗಿದ ಜಾಲಿಮರಗಳಲ್ಲಿ ತೂಗುವ ಗೂಡು ಗೀಜಗನದು. ಗಂಡಿಗೆ ಹಳದಿ ನೆತ್ತಿ ಮಳೆಗಾಲಕ್ಕಷ್ಟೆ. ಆಮೇಲೆ ಎರಡೂ ಹೆಣ್ಣುಗುಬ್ಬಿಯಂತೆ. 1930ರಲ್ಲಿ ಕಿಹಿಮ್‌ನಲ್ಲಿ ಸಲೀಂ ಅಲಿ ಕಂಡದ್ದು ಸ್ವಾರಸ್ಯಕರ: ಗಂಡು ಅರೆಗೂಡು ನೇಯ್ದು ಕಾಯುತ್ತದೆ, ಹೆಣ್ಣು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ಣಗೊಳಿಸುತ್ತದೆ. ಬರಿಯ ಹಳದಿ ನೆತ್ತಿಗೆ ಆಕೆ ಒಲಿಯಳು.

ನಿವೃತ್ತಿಯ ನಂತರ ಆ ಹುಡುಗ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕನು, ಮೀಸೆ ನರೆತಿತ್ತು. ಅಂದಿನ ತಪ್ಪು ನನ್ನದೇ ಎಂದೆ. ಅವನು ಕ್ಷಣಹೊತ್ತು ಯೋಚಿಸಿ, "ಯಾವ ಕೋಗಿಲಿರೀ ಸರ?" ಎಂದು ಕೇಳಿದನು.